ಏಕಾದಶಿಗೆ ಒಲಿದ ಬಟಾಟಿ

ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಹಿಸುಕಿದ ಬಟಾಟಿ ಜಮಖಂಡಿ ಸೀಮೆಯ ಮನೆಗಳಲ್ಲಿ ಎರಡು ಬಗೆಯಾಗಿ ತಟ್ಟೆಗೆ ಬರುತ್ತದೆ. ಉಳ್ಳಾಗಡ್ಡಿ, ಸಾಸಿವೆ, ಅರಿಸಿನದ ಒಗ್ಗರಣೆ ಬಿದ್ದರೆ ಅದು ಪೂರಿ, ಚಪಾತಿಗೆ ಪಲ್ಯ. ಅವನ್ನು ಬಿಟ್ಟು ಜೀರಿಗೆ, ಹಸಿಮೆಣಸಿನಕಾಯಿ, ಶೇಂಗಾ ಪುಡಿ ಕೂಡಿಸಿದರೆ ಏಕಾದಶಿ, ಶಿವರಾತ್ರಿಯ ಫರಾಳ, ಅಂದರೆ ಉಪವಾಸದ ತಿನಿಸು.

ಬಟಾಟಿಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತೆಂಬುದು ಸಾಮಾನ್ಯ ಅಭಿಪ್ರಾಯ; ಒಳನಾಡಿನಲ್ಲಿ ಬೇಸಾಯ ಹಬ್ಬಿದ್ದು ಬ್ರಿಟಿಷರ ಕಾಲಕ್ಕೆ. ಜಮಖಂಡಿ 1948ರವರೆಗೆ ಮರಾಠಿ ಮನೆತನವಾದ ಪಟವರ್ಧನರ ಸಂಸ್ಥಾನ. ಸಾಬೂದಾಣಿ, ಬಟಾಟಿಯ ಉಪವಾಸದಡುಗೆ ಈ ಸೀಮೆಗೂ ಮರಾಠಿ ನಾಡಿಗೂ ಸಮಾನವಾದ ರೂಢಿ. ವ್ರತದ ದಿನ ಅಕ್ಕಿ, ಗೋಧಿ, ಬೇಳೆ ವರ್ಜ್ಯ, ಗಡ್ಡೆಗೆ ಅಡ್ಡಿಯಿಲ್ಲ. ಆ ಸಂದಿಯಲ್ಲೇ ಬಟಾಟಿ ಒಳಗೆ ಬಂತು. ತಮಾಷೆಯೆಂದರೆ ಮೆಣಸಿನಕಾಯಿ, ಶೇಂಗಾ, ಸಾಬೂದಾಣಿ ಕೊಡುವ ಮರಗೆಣಸು ಕೂಡ ಅಮೆರಿಕದವೇ. ವ್ರತದ ನಿಯಮ ಬರೆದವರು ಇವುಗಳಲ್ಲಿ ಒಂದನ್ನೂ ಕಂಡಿರಲಾರರು!

ಇದೇ ಸೀಮೆಯ, ಕೃಷ್ಣಾ ದಂಡೆಯ ಚಿಕ್ಕಪಡಸಲಗಿಯಲ್ಲಿ ಬಟಾಟಿ ಬೆಳೆಯುವ ವಸ್ತುವಲ್ಲ, ಕೊಳ್ಳುವ ವಸ್ತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಇಲ್ಲಿ ಬ್ಯಾರೇಜು ಕಟ್ಟಿದರು; ಅದಕ್ಕೆ ಶ್ರಮಬಿಂದು ಸಾಗರವೆಂದೇ ಹೆಸರು. ಆ ನೀರು ಹರಿದದ್ದು ಕಬ್ಬಿಗೆ. ಬಟಾಟಿಗೆ ನೀರು ನಿಲ್ಲದ ಸಡಿಲ ಮಣ್ಣು ಬೇಕು, ಇಲ್ಲಿಯ ಎರೆಭೂಮಿ ಅದಕ್ಕೆ ಅಷ್ಟಾಗಿ ಒಗ್ಗದು. ರಾಜ್ಯದಲ್ಲಿ ಅದರ ಬೇಸಾಯಕ್ಕೆ ಹೆಸರಾದದ್ದು ಹಾಸನ, ಬೆಳಗಾವಿ, ಚಿಕ್ಕಬಳ್ಳಾಪುರದ ಕಡೆ. ಹಾಸನದ ಹೊಲಗಳನ್ನು ಬಹುಕಾಲ ಆಳಿದ ‘ಕುಫ್ರಿ ಜ್ಯೋತಿ’ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿ, ಬಿಡುಗಡೆಯಾದದ್ದು 1968ರಲ್ಲಿ.

ಹಿಸುಕಲು ಬಲಿತ, ಹಿಟ್ಟುಹಿಟ್ಟಾಗಿ ಬೇಯುವ ಗಡ್ಡೆ ಲೇಸು. ಎಳೆಯದು ಅಂಟಂಟಾಗುತ್ತದೆ. ಒಂದೇ ಗಾತ್ರದವನ್ನು ಆರಿಸಿ, ಸಿಪ್ಪೆ ಸಮೇತ ಉಪ್ಪು ಹಾಕಿದ ತಣ್ಣೀರಿನಲ್ಲಿಟ್ಟು ಒಲೆ ಹೊತ್ತಿಸಬೇಕು. ಕುದಿಯುವ ನೀರಿಗೇ ಹಾಕಿದರೆ ಮೇಲ್ಭಾಗ ಒಡೆದು ಕರಗಿದರೂ ನಡುವೆ ಹಸಿ ಉಳಿಯುತ್ತದೆ. ಚೂರಿಯ ತುದಿ ತಡೆಯಿಲ್ಲದೆ ಒಳಗಿಳಿದರೆ ಬೆಂದಂತೆ. ನೀರು ಬಸಿದು, ಸಿಪ್ಪೆ ತೆಗೆದು, ಬರಿ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಒಂದು ನಿಮಿಷ ಆಡಿಸಿದರೆ ಉಳಿದ ತೇವ ಹಬೆಯಾಗಿ ಹೋಗುತ್ತದೆ. ಅವಸರದ ಅಡುಗೆಯಲ್ಲಿ ಕೈಬಿಡುವ ಹಂತ ಇದೇ, ಪಲ್ಯ ನೀರುನೀರಾಗುವುದೂ ಇದನ್ನು ಬಿಡುವುದರಿಂದಲೇ.

ಹಿಸುಕುವಾಗ ಮಿಕ್ಸರ್ ಬೇಡ. ಬೆಂದ ಗಡ್ಡೆಯ ಕೋಶಗಳು ಬಿಸಿಯಲ್ಲಿ ಒಂದರಿಂದೊಂದು ಸುಲಭವಾಗಿ ಬಿಡಿಬಿಡಿಯಾಗುತ್ತವೆ. ಮಿಕ್ಸರಿನ ಬ್ಲೇಡು ಅವನ್ನು ಸೀಳಿ ಒಳಗಿನ ಪಿಷ್ಟ ಹೊರಬಿದ್ದರೆ ಪಲ್ಯದ ಬದಲು ಗೋಂದು! ಕೈ ಅಥವಾ ಸಟ್ಟುಗ ಸಾಕು. ಹಾಲು, ಬೆಣ್ಣೆ ಬೆರೆಸುವುದು ಇಂಗ್ಲಿಷರ ಪದ್ಧತಿ. ಹ್ಯಾನಾ ಗ್ಲಾಸ್ 1747ರ ಅಡುಗೆ ಪುಸ್ತಕದಲ್ಲೇ ಅದನ್ನು ಬರೆದಿದ್ದಾಳೆ. ಇಲ್ಲಿಯ ಫರಾಳದಲ್ಲಿ ಆ ಕೆಲಸ ತುಪ್ಪ ಮತ್ತು ಹುರಿದು ಕುಟ್ಟಿದ ಶೇಂಗಾದ್ದು. ತುಪ್ಪದಲ್ಲಿ ಜೀರಿಗೆ ಚಟಪಟಗುಟ್ಟಿದ ಮೇಲೆ ಹೆಚ್ಚಿದ ಮೆಣಸಿನಕಾಯಿ, ಬಳಿಕ ಬಟಾಟಿ, ಉಪ್ಪು. ಶೇಂಗಾ ಪುಡಿ ಕೊನೆಗೆ, ತರಿತರಿಯಾಗಿಯೇ ಬೀಳಬೇಕು. ಜೊತೆಗೆ ಮೊಸರು.