ಕಂದವಾರ ಕೆರೆಗೆ ಒಂದು ಫಲಕ

ಕ್ರೋಮೇಟ್ ದ್ರಾವಣದ ಹಳದಿಯು ಆಮ್ಲ ಬಿದ್ದೊಡನೆ ಕಿತ್ತಳೆಯಾಗುವುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೆರಗಿನಿಂದ ಕಂಡವನು ನಾನು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿಯೇ ವರ್ಗೀಕರಿಸಿತು. ಲೋಹಲೇಪನ ಘಟಕಗಳಿರುವ ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಅದು ಪತ್ತೆಯಾದದ್ದು ಹಳೆಯ ಸುದ್ದಿ.

ಅದೇ ಮಹಾನಗರದ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿತ ಕೊಳಚೆ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹರಿದಿದೆ. ಬತ್ತಿದ ಕೆರೆ ತುಂಬಿದ ಸಂತಸ ನನಗೂ ಇದೆ. ಫ್ಲೋರೈಡ್ ನೀರು ಕುಡಿದು ಬಳಲಿದ ಸೀಮೆಯಿದು. ಆದರೆ ಎರಡು ಹಂತದ ಸಂಸ್ಕರಣೆಯು ಸಾವಯವ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ನಂಬಿದ್ದು. ಲೋಹ ತೆಗೆಯಲೆಂದು ರೂಪಿಸಿದ್ದಲ್ಲ. ಕುಡಿಯುವ ನೀರಿನಲ್ಲಿ ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಷ್ಟರಲ್ಲಿ ಹಳದಿ ಕಣ್ಣಿಗೆ ಕಾಣದು. ಕೆರೆಯಲ್ಲಿ ಕ್ರೋಮಿಯಂ ಇದೆಯೆಂದು ನಾನು ದೂರುತ್ತಿಲ್ಲ. ಪರೀಕ್ಷೆಯ ಅಂಕಿಗಳನ್ನು ತಿಂಗಳಿಗೊಮ್ಮೆ ಏರಿಯ ಮೇಲೊಂದು ಫಲಕದಲ್ಲಿ, ಕನ್ನಡದಲ್ಲಿ, ಬರೆಸಿ ಎನ್ನುತ್ತಿದ್ದೇನೆ.