ಒಂದು ಹೊಲಕ್ಕೆ ಇಬ್ಬರು ಕಾವಲುಗಾರರೇ?

ಹೋದ ಬೇಸಿಗೆಯಲ್ಲಿ ನಾವು ನಾಟ್ರಾಂಪಾಳ್ಯದ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕನ ಮಗಳ ಮುಖ ಬಾಡಿತ್ತು. ಕಾಲೇಜಿಗೆ ಅರ್ಜಿ ಕಳುಹಿಸಲು ಮರುದಿನವೇ ಕಡೆಯ ದಿನ. ಅಂಕಪಟ್ಟಿ, ಫೋಟೋ ಎಲ್ಲವೂ ಕಂಪ್ಯೂಟರಿನಲ್ಲೇ ಇದ್ದವು. ಆದರೆ ಕಂಪ್ಯೂಟರ್ ಮಾತು ಕೇಳುತ್ತಿರಲಿಲ್ಲ. ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

“ಇದಕ್ಕೆ ಯಾವ ಆಂಟಿವೈರಸ್ ಹಾಕಿದ್ದೀರಮ್ಮ?” ಎಂದು ಕೇಳಿದೆವು.

“ಎರಡು ಇದೆ ಮಾವ. ಬೆಂಗಳೂರಿಂದ ಬಂದಾಗ ಅಣ್ಣ ಒಂದು ಹಾಕಿದ. ಆಮೇಲೆ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಇನ್ನೊಂದು ಹಾಕಿದರು. ಒಂದು ತಪ್ಪಿದರೆ ಇನ್ನೊಂದು ಹಿಡೀತದೆ ಅಂತ ಬಿಟ್ಟುಬಿಟ್ಟೆವು.”

ಕೇಳಲು ಸರಿ ಎನಿಸುವ ಮಾತು. ಬಾಗಿಲಿಗೆ ಚಿಲಕದ ಜೊತೆ ಬೀಗವನ್ನೂ ಹಾಕುವವರಲ್ಲವೇ ನಾವು? ಆದರೆ ಆಂಟಿವೈರಸ್ ಬೀಗದಂತಲ್ಲ, ಕಾವಲುಗಾರನಂತೆ.

ಅಂಚೆಟ್ಟಿ, ನಾಟ್ರಾಂಪಾಳ್ಯದ ಕಡೆ ರಾಗಿ ಹೊಲಕ್ಕೆ ಆನೆ ಬರುವುದು ಎಲ್ಲರಿಗೂ ಗೊತ್ತು. ಒಂದೇ ಹೊಲಕ್ಕೆ, ಒಬ್ಬರ ಗುರುತು ಇನ್ನೊಬ್ಬರಿಗಿಲ್ಲದ ಇಬ್ಬರನ್ನು ರಾತ್ರಿ ಕಾವಲಿಗೆ ಕಳುಹಿಸಿದಿರಿ ಎನ್ನೋಣ. ಕತ್ತಲಲ್ಲಿ ಒಬ್ಬನು ಅಲುಗಾಡಿದರೆ ಇನ್ನೊಬ್ಬನು ಅವನ ಮೇಲೆಯೇ ಟಾರ್ಚ್ ಬಿಡುತ್ತಾನೆ, ಕೂಗುತ್ತಾನೆ. ಬೆಳಗಾಗುವ ಹೊತ್ತಿಗೆ ಇಬ್ಬರೂ ಸುಸ್ತು, ಹೊಲವನ್ನು ನೋಡಿದವರೇ ಇಲ್ಲ.

ಒಳಗೆ ನಡೆಯುವುದೇನು?

ನಾವು ಯಾವುದೇ ಫೈಲ್ ತೆರೆದರೂ ಆಂಟಿವೈರಸ್ ಅದನ್ನು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸಿ ಬಿಡುತ್ತದೆ. ಎರಡು ಇದ್ದರೆ ಪ್ರತಿ ಫೈಲಿಗೂ ಎರಡು ತಪಾಸಣೆ. ಒಂದು ಪರೀಕ್ಷಿಸಲು ಫೈಲ್ ತೆರೆದರೆ, ಇನ್ನೊಂದು ‘ಯಾರೋ ಫೈಲ್ ತೆರೆದರು’ ಎಂದು ತಾನೂ ಓಡಿಬರುತ್ತದೆ. ಹೀಗೆ ಒಂದು ಇನ್ನೊಂದಕ್ಕಾಗಿ ಕಾಯುತ್ತ ಯಂತ್ರವೇ ನಿಂತುಹೋಗಬಹುದು. ಒಂದು ಹಿಡಿದು ಕೂಡಿಹಾಕಿದ ವೈರಸ್ಸನ್ನು ಇನ್ನೊಂದು ಹೊಸ ಕಳ್ಳನೆಂದು ಭಾವಿಸಿ ಮತ್ತೆ ಮತ್ತೆ ಎಚ್ಚರಿಕೆ ಕೊಡುವುದೂ ಉಂಟು.

ಈ ತಂತ್ರಾಂಶಗಳು ಕಂಪ್ಯೂಟರಿನ ತೀರ ಒಳಮನೆಯಲ್ಲಿ ಕುಳಿತು ಕೆಲಸ ಮಾಡುತ್ತವೆ. ಅಲ್ಲಿ ಒಂದು ಎಡವಿದರೂ ಇಡೀ ಮನೆ ಅಲುಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಒಂದೇ ಕಾವಲುಗಾರ ಎಡವಿದಾಗ ಹೀಗಾದರೆ, ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸುವ ಮುನ್ನ ಯೋಚಿಸಬೇಕು.

ಹಾಗಾದರೆ ಕಾವಲೇ ಬೇಡವೇ?

ಖಂಡಿತ ಬೇಕು. ತಮಿಳುನಾಡು ಸರ್ಕಾರ 2011ರಲ್ಲಿ ಹೈಯರ್ ಸೆಕೆಂಡರಿ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಡತೊಡಗಿದ ಮೇಲೆ ಎಷ್ಟೋ ಹಳ್ಳಿಮನೆಗಳಿಗೆ ಮೊದಲ ಸಲ ಕಂಪ್ಯೂಟರ್ ಬಂತು. ಮದುವೆಯ ಫೋಟೋ, ಹಾಡು, ಪ್ರಶ್ನೆಪತ್ರಿಕೆ ಎಲ್ಲವೂ ಪೆನ್‌ಡ್ರೈವ್‌ನಲ್ಲಿ ಮನೆಯಿಂದ ಮನೆಗೆ ಓಡಾಡಿದವು. ಅವುಗಳ ಜೊತೆ ವೈರಸ್ಸುಗಳೂ ಓಡಾಡಿದವು.

ಆದರೆ ಎಚ್ಚರವಾಗಿರುವ ಕಾವಲುಗಾರ ಒಬ್ಬನೇ ಸಾಕು. ವಿಂಡೋಸ್ 10 ಮತ್ತು 11ರಲ್ಲಿ ‘ಡಿಫೆಂಡರ್’ ಎಂಬ ಆಂಟಿವೈರಸ್ ಮೊದಲೇ ಇದೆ, ಅದಕ್ಕೆ ಬೇರೆ ಹಣವಿಲ್ಲ. ಹೊರಗಿನ ಆಂಟಿವೈರಸ್ ಹಾಕಿದರೆ ಅದು ಸಾಮಾನ್ಯವಾಗಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ, ತೆಗೆದರೆ ಮತ್ತೆ ಕೆಲಸಕ್ಕೆ ಬರುತ್ತದೆ. ತೊಂದರೆ ಬರುವುದು ಹೊರಗಿನಿಂದಲೇ ಎರಡನ್ನು ತಂದು ಹಾಕಿದಾಗ.

ಎರಡನೆಯವರ ಅಭಿಪ್ರಾಯ ಬೇಕೆನಿಸಿದರೆ ಅದಕ್ಕೂ ದಾರಿ ಇದೆ. ಮೈಕ್ರೋಸಾಫ್ಟ್‌ನ ‘ಸೇಫ್ಟಿ ಸ್ಕ್ಯಾನರ್’ನಂಥ ತಂತ್ರಾಂಶ ಸದಾ ಕಾವಲು ಕೂರುವುದಿಲ್ಲ, ಕರೆದಾಗ ಬಂದು ನೋಡಿ ಹೋಗುವ ವೈದ್ಯರಂತೆ. ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ. ಬೇಕಾದಾಗ ಹೊಸದಾಗಿ ಇಳಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದ್ದು

1. ಎರಡು ಆಂಟಿವೈರಸ್ ಇದ್ದರೆ ಒಂದನ್ನು ಆರಿಸಿಕೊಳ್ಳಿ. ಇನ್ನೊಂದನ್ನು ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್’ ಮಾಡಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ. ಚಿತ್ರವನ್ನಷ್ಟೇ ಅಳಿಸಿದರೆ ಸಾಲದು. ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯೇ ಕೊಡುವ ತೆಗೆಯುವ ಸಾಧನ ಬಳಸಿ.

2. ಉಳಿಸಿಕೊಂಡದ್ದರ ಅವಧಿ ಮುಗಿದಿಲ್ಲವೆಂದು ನೋಡಿ. ಅವಧಿ ಮುಗಿದ ಆಂಟಿವೈರಸ್ ನಿದ್ರೆ ಹೋದ ಕಾವಲುಗಾರ.

3. ವಿಂಡೋಸ್‌ನ ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬುದು ಲೋಕದಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಬಂದಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಮನೆಗಳವರು ವಿಚಾರಿಸಿ ಮುಂದಿನ ದಾರಿ ನೋಡಿಕೊಳ್ಳಿ.

4. ಮುಖ್ಯವಾದ ಪತ್ರ, ಫೋಟೋಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಎರಡು ಇರಬೇಕಾದದ್ದು ಕಾವಲಲ್ಲ, ಪ್ರತಿ.

ಅಂದು ಅಕ್ಕನ ಮನೆಯಲ್ಲಿ ಮಾಡಿದ್ದೂ ಇಷ್ಟೇ. ಮೊದಲು ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿದೆವು. ಅದಕ್ಕೇ ಒಂದು ಗಂಟೆ ಹಿಡಿಯಿತು. ಅವಧಿ ಮುಗಿದಿದ್ದ ಆಂಟಿವೈರಸ್ಸನ್ನು ತೆಗೆದು ಮತ್ತೆ ಹಚ್ಚಿದಾಗ ಕಂಪ್ಯೂಟರ್ ಬೇಗನೆ ತೆರೆದುಕೊಂಡಿತು. ರಾತ್ರಿ ಹತ್ತಕ್ಕೆ ಅರ್ಜಿ ಹೋಯಿತು. ಅಕ್ಕ ಮಾತ್ರ ಪರದೆಯ ಮುಂದಿನಿಂದ ಏಳಲಿಲ್ಲ. ಮಗಳ ಪ್ರಥಮ ಪರಮಪ್ರಸಾದದ ದಿನ ಅಮ್ಮ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ ಫೋಟೋ ಅದರಲ್ಲಿತ್ತು. ಅಮ್ಮ ಈಗಿಲ್ಲ. ಆ ಫೋಟೋಗೆ ಬೇರೆ ಪ್ರತಿಯೂ ಅಲ್ಲಿಯವರೆಗೆ ಇರಲಿಲ್ಲ.

“ಇದನ್ನ ಇನ್ನೊಂದು ಕಡೆನೂ ಹಾಕಿಡಪ್ಪ,” ಎಂದಳು ಅಕ್ಕ. ಹಾಕಿಟ್ಟೆವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಫೋಟೋ ಇದ್ದೀತು. ಈ ಭಾನುವಾರ ಬಿಡುವು ಮಾಡಿಕೊಂಡು ಒಮ್ಮೆ ನೋಡಿ.