ಮೂತ್ರಕೋಶದ ಒಳಗಾವಲು

ಗಂಗಾವತಿ ಸೀಮೆಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ, ಕುಷ್ಟಗಿ-ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳಲ್ಲಿ ಕಳೆ ತೆಗೆಯುವ ನಮ್ಮ ತಾಯಂದಿರಲ್ಲಿ ಅನೇಕರು ಹಗಲೆಲ್ಲ ನೀರು ಕುಡಿಯಲು ಹಿಂಜರಿಯುತ್ತಾರೆ. ಕುಡಿದರೆ ಮರೆಯಾದ ಜಾಗ ಬೇಕು. ಅದಿಲ್ಲದಿದ್ದರೆ ಕತ್ತಲಾಗುವವರೆಗೆ ಮೂತ್ರವನ್ನು ತಡೆದುಕೊಳ್ಳಬೇಕು. ಕೊಪ್ಪಳ ಜಿಲ್ಲೆಯ ಬಾಲಕಿಯೊಬ್ಬಳು ಮನೆಯಲ್ಲಿ ಶೌಚಾಲಯ ಬೇಕೆಂದು ಉಪವಾಸ ಹೂಡಿದ್ದನ್ನು 2016ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಮೂಲಕ ದೇಶಕ್ಕೆಲ್ಲ ತಿಳಿಸಿದರು. ಆ ಮಗುವಿನ ಹಟವು ಮಾನದ ಪ್ರಶ್ನೆಯಾಗಿದ್ದಂತೆ ಆರೋಗ್ಯದ ಪ್ರಶ್ನೆಯೂ ಆಗಿತ್ತು.

ಮೂತ್ರಕೋಶದ ಒಳಗೋಡೆಗೆ ಲೋಳೆಯಂಥ ತೆಳುವಾದ ಲೇಪವುಂಟು. ಸಕ್ಕರೆಯ ಅಣುಗಳ ಸರಪಳಿಗಳಿಂದಾದ ಈ ಲೇಪವು ನೀರನ್ನು ಹಿಡಿದಿಟ್ಟುಕೊಂಡು, ರೋಗಾಣುಗಳು ಗೋಡೆಗೆ ಅಂಟದಂತೆ ಕಾಯುತ್ತದೆ. ಮೂತ್ರಪಿಂಡಗಳಲ್ಲಿ ಹುಟ್ಟುವ ಯುರೊಮೊಡ್ಯುಲಿನ್ ಎಂಬ ಪ್ರೋಟೀನು ಮೂತ್ರದೊಡನೆ ಇಳಿದುಬಂದು ರೋಗಾಣುಗಳನ್ನು ಹಿಡಿದುಕೊಳ್ಳುತ್ತದೆ. ಮೂತ್ರದ ಹರಿವು ಅವನ್ನು ಹೊರಗೆ ಸಾಗಿಸುತ್ತದೆ. ಇಷ್ಟಾಗಿಯೂ ಕೆಲವು ಅಂಟಿಕೊಂಡರೆ, ಗೋಡೆಯ ಮೇಲ್ಪದರದ ಜೀವಕೋಶಗಳು ತಾವೇ ಕಳಚಿಬಿದ್ದು ಅವನ್ನು ಹೊತ್ತೊಯ್ಯುತ್ತವೆ. ದೇಹದ ಈ ವ್ಯವಸ್ಥೆ ನಿಜಕ್ಕೂ ಅಚ್ಚರಿಯದು!

ಈ ಕಾವಲನ್ನು ಮೀರಿ ಬರುವುದು ಬಹುಮಟ್ಟಿಗೆ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲಿನ ಸೂಕ್ಷ್ಮ ಎಳೆಗಳು ಕೊಕ್ಕೆಯಂತೆ ಗೋಡೆಯನ್ನು ಹಿಡಿಯುತ್ತವೆ. ಸ್ತ್ರೀಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಪುರುಷರದು ಸುಮಾರು 20. ಆದ್ದರಿಂದಲೇ ಸ್ತ್ರೀಯರಿಗೆ ಈ ಬಾಧೆ ಹೆಚ್ಚು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡಿದ್ದರೆ ರೋಗಾಣುಗಳನ್ನು ತೊಳೆಯುವ ಹರಿವೇ ನಿಂತು, ಅವು ಬೆಳೆಯಲು ಅವಕಾಶವಾಗುತ್ತದೆ. ಸಕ್ಕರೆ ಕಾಯಿಲೆಯುಳ್ಳವರು, ಗರ್ಭಿಣಿಯರು ವಿಶೇಷವಾಗಿ ಎಚ್ಚರವಹಿಸಬೇಕು.

ಬಾಯಾರುವ ಮೊದಲೇ ನೀರು ಕುಡಿಯಿರಿ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದನ್ನು ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಿರಿ. ಉರಿಮೂತ್ರ ಕಾಣಿಸಿದಾಗ ಮಜ್ಜಿಗೆ, ಎಳನೀರು ಹಿತವೆನಿಸಬಹುದು. ಆದರೆ ಅವು ರೋಗಾಣುವನ್ನು ಕೊಲ್ಲಲಾರವು. ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿ, ಉರಿ ತಗ್ಗಿದೊಡನೆ ನಿಲ್ಲಿಸುವುದು ಅಪಾಯಕರ. ತಾಲೂಕಾ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನ ಔಷಧ ಸೇವಿಸಬೇಕು. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಹೋಗಬೇಕು. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು.

ಮನೆಯ ಯಜಮಾನರಿಗೂ ಒಂದು ಮಾತು. ಸೊಸೆಯೋ ಮಗಳೋ ನಾಚಿಕೆಯಿಂದ ಹೇಳದೆ ನೋವುಣ್ಣುತ್ತಿರಬಹುದು. ಹೊಲಕ್ಕೆ ಬಿತ್ತನೆಬೀಜ ಒದಗಿಸುವಷ್ಟೇ ಕಾಳಜಿಯಿಂದ, ದುಡಿಯುವ ಹೆಂಗಸರಿಗೆ ಕುಡಿಯುವ ನೀರನ್ನೂ ಮರೆಯಾದ ಒಂದು ಜಾಗವನ್ನೂ ಒದಗಿಸಿರಿ. ಒಳಗಿನ ಕಾವಲು ತನ್ನ ಕೆಲಸ ಮಾಡುತ್ತಲೇ ಇದೆ. ಹೊರಗಿನ ಕಾವಲು ನಮ್ಮ ಹೊಣೆ.